ಶಿರಸಿ, ಸಿದ್ದಾಪುರ, ಕಾರವಾರದ ಕಡೆ ಮಾಮೂಲಿ ರೇಡಿಯೋದಲ್ಲಿ ‘ರಾಗಂ’ ಕೇಳುವಂತಾಗಬೇಕು: ಏನು ಮಾಡೋಣ?

ಅಘನಾಶಿನಿ ದಂಡೆ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ಆಕಾಶವಾಣಿಯ ‘ರಾಗಂ’ ವಾಹಿನಿಯ ವಿಷಯ ಮಾತಾಡಬೇಕಿತ್ತು. 2016ರ ಜನವರಿ 26ಕ್ಕೆ ಶುರುವಾದದ್ದು ಇದು. ಬೆಂಗಳೂರಿನಿಂದ ಬರುತ್ತದೆ. ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ. ಹಿಂದೂಸ್ತಾನಿಯೂ ಉಂಟು, ಕರ್ನಾಟಕ ಸಂಗೀತವೂ ಉಂಟು. ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮೆಲ್ಲರ ದುಡ್ಡಿನಲ್ಲಿ ಇಂಥದ್ದೊಂದು ನಡೆಯುತ್ತಿದೆ ಅನ್ನುವುದೇ ನನಗೆ ದೊಡ್ಡ ಸಂಗತಿ.

ಆದರೆ ನಮ್ಮ ಹಳ್ಳಿಯಲ್ಲಿ ರೇಡಿಯೋದ ಕಿವಿ ಎಷ್ಟು ತಿರುಗಿಸಿದರೂ ಅದು ಸಿಗುವುದಿಲ್ಲ. ಮೊಬೈಲ್ ಆ್ಯಪ್ ಬೇಕು. ಇಲ್ಲವೇ ಡಿಶ್ ಇದ್ದು ಟಿವಿ ಹಚ್ಚಬೇಕು. ನಮ್ಮ ಆಯಿ, ಅಪ್ಪಯ್ಯ ಇಬ್ಬರೂ ರೇಡಿಯೋದಲ್ಲೇ ಸಂಗೀತ ಕೇಳಿದವರು. ಅಡಿಕೆ ಸುಲಿಯುವ ದಿನಗಳಲ್ಲಿ ಜಗುಲಿಯ ಮೇಲೆ ಧಾರವಾಡ ಹಚ್ಚಿಟ್ಟರೆ ರಾತ್ರಿ ಪ್ರಸಾರ ಮುಗಿಯುವವರೆಗೂ ಮೆಟ್ಟುಗತ್ತಿಯ ಮುಂದೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿ ಹಾನಗಲ್ಲರು ನಮ್ಮ ಮನೆಗೆ ಬಂದದ್ದು ಹಾಗೆ. ಈಗ ಆ್ಯಪ್ ತೆರೆದುಕೊಡಲು ನಾನೇ ಬೇಕು. ನಾನು ತೋಟಕ್ಕೆ ಹೋದೆ ಅಂದರೆ ಅವರ ಸಂಗೀತ ಬಂದ್.

ಕಾರವಾರ ಆಕಾಶವಾಣಿ 102.3ರಲ್ಲಿ ದಿನಕ್ಕೆ ಕೆಲವು ಗಂಟೆಯಾದರೂ ರಾಗಂ ಹಾಕಿ ಅಂತ ನಾವೆಲ್ಲ ಸೇರಿ ಕೇಳಬಹುದಾ? ಯಾವ ಹೊತ್ತಿಗೆ ಕೇಳುವುದು? ತಾಂತ್ರಿಕವಾಗಿ ಆಗುವಂಥದ್ದಾ? ತಿಳಿದವರು ದಯವಿಟ್ಟು ಬರೆಯಿರಿ.

ಸದಾಶಿವಗಡ (ಕಾರವಾರ)

ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ, ಆ್ಯಪ್ ಇರುವಾಗ ಟ್ರಾನ್ಸ್‌ಮಿಟರ್ ಯಾಕೆ ಬೇಕು? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹಾಡು ಹರಿದು ಬಂದರೆ ಗಂಟೆಗೆ ಸುಮಾರು 29 ಎಂಬಿ ಖರ್ಚು. ನಾಲ್ಕು ಗಂಟೆ ಕೇಳಿದರೂ 120 ಎಂಬಿ ದಾಟುವುದಿಲ್ಲ. ಡಿಡಿ ಫ್ರೀ ಡಿಶ್‌ಗಂತೂ ತಿಂಗಳ ಬಾಡಿಗೆಯೇ ಇಲ್ಲ. ಅದರಲ್ಲಿ ಟಿವಿ ಚಾನೆಲ್‌ಗಳ ಜೊತೆ ಆಕಾಶವಾಣಿಯ ವಾಹಿನಿಗಳೂ ಬರುತ್ತವೆ, ರಾಗಂ ಕೂಡ ಇದೆ. ನಾನು ಕಾರವಾರದ ಮನೆಯಲ್ಲಿ ದಿನಾ ಬೆಳಿಗ್ಗೆ ಫೋನಿನಿಂದ ಸ್ಪೀಕರಿಗೆ ಹಾಕಿ ಕೇಳುತ್ತೇನೆ. ದನಿ ಎಫ್‌ಎಂಗಿಂತ ಏನೂ ಕಡಿಮೆ ಇಲ್ಲ.

ಕಾಳಿ ಕಣಿವೆ (ಯಲ್ಲಾಪುರ)

ಸದಾಶಿವಗಡದ ಅಣ್ಣಾ, ನಿಮ್ಮ ಲೆಕ್ಕ ಸರಿಯಿದೆ. ಆದರೆ ಅದು ಕಾರವಾರ ಪೇಟೆಯ ಲೆಕ್ಕ. ನಮ್ಮಲ್ಲಿ ಜೂನ್ ಬಂತು ಅಂದರೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಮುಗಿದ ಮೇಲೆ ಫೋನೂ ಸುಮ್ನೆ ಕೂರುತ್ತದೆ. ಡಿಶ್ ಕಥೆಯೂ ಅಷ್ಟೇ. ಅದಕ್ಕೆ ಬಳಸುವುದು ಕೆಯು ಬ್ಯಾಂಡ್. ಮಳೆ ಹನಿ ಆ ತರಂಗವನ್ನು ಹೀರುತ್ತದೆ. ಜೋರು ಮಳೆ ಹಿಡಿದಾಗ ಚಿತ್ರ ನಿಂತು ‘ಸಿಗ್ನಲ್ ಇಲ್ಲ’ ಅಂತ ಬರುವುದು ಅದಕ್ಕೇ. ಮಲ್ಹಾರ ಕೇಳಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ಎಫ್‌ಎಂ ತರಂಗಕ್ಕೆ ಮಳೆಯಿಂದ ಅಂಥ ತೊಂದರೆ ಇಲ್ಲ. ಎರಡು ಸೆಲ್ ಹಾಕಿದ ಸೆಟ್ಟು ಕರೆಂಟಿಲ್ಲದೆ ಎಷ್ಟೋ ದಿನ ಹಾಡುತ್ತದೆ.

ಈಗ ಅಘನಾಶಿನಿಯವರಿಗೆ ಒಂದು ಕಹಿ ಮಾತು ಹೇಳಲೇಬೇಕು. 102.3ರಲ್ಲಿ ರಾಗಂ ಬಂದರೂ ನಿಮ್ಮ ಮನೆಗೆ ಬರುವ ಭರವಸೆ ಇಲ್ಲ. ಎಫ್‌ಎಂ ಹೆಚ್ಚುಕಡಿಮೆ ಕಣ್ಣಳತೆಯ ಗೆರೆಯಲ್ಲಿ ಹೋಗುವಂಥದ್ದು. ಕಾರವಾರ ಸಮುದ್ರದ ಮಟ್ಟದಲ್ಲಿದೆ. ಶಿರಸಿ ಘಟ್ಟದ ಮೇಲೆ, ನೇರ ಗೆರೆ ಎಳೆದರೂ 80 ಕಿ.ಮೀ. ಹತ್ತಿರ. ಸಿದ್ದಾಪುರ ಇನ್ನೂ ದೂರ. ನಡುವೆ ಗುಡ್ಡಗಳ ಸಾಲು. ಗುಡ್ಡದ ನೆತ್ತಿಯ ಮನೆಗೆ ಸಿಕ್ಕೀತು, ಕಣಿವೆಯ ತೋಟದ ಮನೆಗೆ ಸಿಗುವುದು ಕಷ್ಟ.

ಧಾರವಾಡ ಅಷ್ಟು ಚೆನ್ನಾಗಿ ಕೇಳುತ್ತಿದ್ದದ್ದು ಅದು ಮೀಡಿಯಂ ವೇವ್ ಆಗಿದ್ದರಿಂದ. 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್. ಆ ಅಲೆ ನೆಲಕ್ಕೆ ಅಂಟಿಕೊಂಡು ಗುಡ್ಡ ಬಳಸಿ ಬರುತ್ತದೆ. ಆದರೆ ಈಗ ಮನೆಯೊಳಗಿನ ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್ ಎಲ್ಲ ಮೀಡಿಯಂ ವೇವ್‌ನಲ್ಲಿ ಗುಂಯ್ ಅನ್ನಿಸುತ್ತವೆ. ಹಂದಿ ಬರಬಾರದೆಂದು ತೋಟಕ್ಕೆ ಹಾಕಿದ ಐಬೆಕ್ಸ್ ಕರೆಂಟು ಬೇಲಿ ಇದೆಯಲ್ಲ, ಅದು ಸೆಕೆಂಡಿಗೊಂದು ಸಲ ಟಕ್ ಟಕ್ ಅನ್ನುತ್ತದೆ. ನಿಧಾನ ಗತಿಯ ವಿಲಂಬಿತ ಖಯಾಲ್ ಕೇಳುವಾಗ ಆ ಟಕ್ ಟಕ್ ಸಹಿಸುವುದು ಕಷ್ಟ. ಹಾಗಾಗಿ ಘಟ್ಟದ ಮೇಲಿನವರು ಕೇಳಬೇಕಾದದ್ದು ಘಟ್ಟದ ಮೇಲಿನ ಒಂದು ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರಿನಲ್ಲಿ ರಾಗಂ. ಇದೇನು ದೊಡ್ಡ ಕೇಳಿಕೆ ಅಲ್ಲ. 2023ರ ಏಪ್ರಿಲ್‌ನಲ್ಲಿ ಆಕಾಶವಾಣಿಗಾಗಿ ದೇಶದ 91 ಕಡೆ 100 ವ್ಯಾಟಿನ ಎಫ್‌ಎಂ ಟ್ರಾನ್ಸ್‌ಮಿಟರುಗಳನ್ನು ಒಂದೇ ದಿನ ಉದ್ಘಾಟಿಸಿದರು. ಅಂಥದ್ದೇ ಒಂದು ಸಾಕು. ಎತ್ತರದ ಜಾಗ ಮುಖ್ಯ.

ತಂಬೂರಿ (ಶಿರಸಿ)

ನಾನು ಶಿರಸಿಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಸಿಗ್ನಲ್ ಮಾತು ಕಾಳಿ ಕಣಿವೆಯವರಿಗೆ ಬಿಟ್ಟೆ. ರೇಡಿಯೋದಿಂದ ಸಂಗೀತಕ್ಕೆ ಏನು ಸಿಕ್ಕಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಬೇಕಾದ್ದೆಲ್ಲ ಇದೆ. ಯೂಟ್ಯೂಬಿನಲ್ಲಿ ಭೀಮಸೇನ ಜೋಶಿಯವರ ಎಷ್ಟು ಹಾಡು ಬೇಕು? ಆದರೆ ಅವರು ಕೇಳುವುದು ತಾನಿನ ತುಣುಕು, ಚಪ್ಪಾಳೆ ಬಿದ್ದ ಜಾಗ. ಬಡಾ ಖಯಾಲಿನ ಮೊದಲ ಹತ್ತು ನಿಮಿಷ, ಷಡ್ಜದ ಹತ್ತಿರವೇ ಸುಳಿದಾಡುವ ಆ ಭಾಗ ಇದೆಯಲ್ಲ, ಅದನ್ನು ಯಾರೂ ದಾಟಿಸದೆ ಕೇಳುವುದಿಲ್ಲ. ರೇಡಿಯೋದಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಇಲ್ಲ. ಬಂದದ್ದನ್ನು ಬಂದ ಹಾಗೇ ಕೇಳಬೇಕು. ಹೆಸರೇ ಕೇಳದ ಸಾರಂಗಿಯವರೊಬ್ಬರು ಬರುತ್ತಾರೆ, ರುದ್ರವೀಣೆ ಬರುತ್ತದೆ, ಧ್ರುಪದ ಬರುತ್ತದೆ. ನಾವಾಗಿ ಹುಡುಕಿ ಎಂದೂ ಹಾಕಿಕೊಳ್ಳದ ಸಂಗೀತ ಅದು.

ಆಮೇಲೆ ಉದ್ಘೋಷಕರ ಮಾತು. ಗಾಯಕರು ಯಾರು, ರಾಗ ಯಾವುದು, ತಾಳ ಯಾವುದು, ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಹಾಡಿನ ಹಿಂದೆ ಮುಂದೆ ಹೇಳುವುದು ಆಕಾಶವಾಣಿಯ ಪದ್ಧತಿ. ನಮ್ಮ ಮಲೆನಾಡಿನ ಕೃಷಿಕರ ಮನೆಗಳಲ್ಲಿ ಯಾವ ಪಾಠಕ್ಕೂ ಹೋಗದವರು ‘ಇದು ಭೀಮಪಲಾಸ ಅಲ್ವಾ?’ ಅಂತ ಸರಿಯಾಗಿ ಗುರುತಿಸುತ್ತಾರೆ. ಅದನ್ನು ಕಲಿಸಿದ್ದು ಆ ನಾಲ್ಕು ಸಾಲಿನ ಮಾತು.

ಹೊತ್ತಿನ ಶಿಸ್ತೂ ಹಾಗೆಯೇ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಸಾರಂಗ, ಮುಸ್ಸಂಜೆಗೆ ಪೂರಿಯಾ, ರಾತ್ರಿಗೆ ಬಾಗೇಶ್ರೀ. ಕಛೇರಿಗಳು ಸಾಮಾನ್ಯವಾಗಿ ಸಂಜೆಯೇ ನಡೆಯುವುದರಿಂದ ಬೆಳಗಿನ ರಾಗಗಳು ವೇದಿಕೆಗೆ ಬರುವುದು ಅಪರೂಪ. ಲಲಿತ, ವಿಭಾಸ, ಭಟಿಯಾರ್ ಇವನ್ನೆಲ್ಲ ನಾನು ಮೊದಲು ಕೇಳಿದ್ದು ರೇಡಿಯೋದಲ್ಲೇ.

ಕಲಾವಿದರಿಗೆ ಸಿಕ್ಕ ಅನ್ನವನ್ನು ಮರೆಯಬಾರದು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಹರಿಪ್ರಸಾದ ಚೌರಾಸಿಯಾ ಅವರು 1957ರಲ್ಲಿ ಕಟಕ್ ಆಕಾಶವಾಣಿಗೆ ನೌಕರಿಗೆ ಸೇರಿದರು, ಅಲ್ಲಿಂದಲೇ ಅವರ ದಾರಿ ತೆರೆದದ್ದು. ಧ್ವನಿಪರೀಕ್ಷೆಯಲ್ಲಿ ಪಾಸಾಗಿ ಬಿ ಗ್ರೇಡ್ ಸಿಕ್ಕರೆ ಹಳ್ಳಿಯ ಹುಡುಗನಿಗೂ ಒಂದು ಗುರುತು. ಅಲ್ಲಿಂದ ಬಿ ಹೈ, ಎ, ಟಾಪ್ ಅಂತ ಏರಬೇಕು. ನಮ್ಮ ಜಿಲ್ಲೆಯಿಂದ ಹೋಗಿ ರಾಜಗುರುಗಳ ಹತ್ತಿರ ಕಲಿತ ಗಣಪತಿ ಭಟ್ಟ ಹಾಸಣಗಿಯವರು, ಪರಮೇಶ್ವರ ಹೆಗಡೆಯವರು ಇಂದು ದೇಶವೆಲ್ಲ ಬಲ್ಲ ಹೆಸರು. ಹಾಸಣಗಿ ಇರುವುದು ಯಲ್ಲಾಪುರ ತಾಲ್ಲೂಕಿನಲ್ಲೇ. ಇಷ್ಟೊಂದು ಗಾಯಕರನ್ನು, ಇಷ್ಟೊಂದು ಕೇಳುಗರನ್ನು ಕೊಟ್ಟ ಜಿಲ್ಲೆಯ ಗಾಳಿಯಲ್ಲಿ ರಾಗಂ ಇರಬೇಡವಾ?

ಚಂಡೆ ಮದ್ದಳೆ (ಕುಮಟಾ)

ಅಕ್ಕಾ, ನಿಮ್ಮ ಮಾತು ಓದಿ ಖುಷಿಯಾಯಿತು. ಆದರೂ ನನ್ನದೊಂದು ಗಟ್ಟಿ ಆಕ್ಷೇಪ ಇದೆ. ಕಾರವಾರ ಕೇಂದ್ರ ಇರುವುದು ಈ ಜಿಲ್ಲೆಗಾಗಿ. ಯಕ್ಷಗಾನ, ತಾಳಮದ್ದಳೆ, ಕೊಂಕಣಿ, ಸುಗ್ಗಿ ಪದ, ಹಾಲಕ್ಕಿ ಒಕ್ಕಲಿಗರ ಹಾಡು, ಕೃಷಿ, ಮೀನುಗಾರಿಕೆ, ಎಲ್ಲದಕ್ಕೂ ಅಲ್ಲೇ ಜಾಗ ಆಗಬೇಕು. ಬೆಂಗಳೂರಿನಿಂದ ಬರುವ ವಾಹಿನಿಯನ್ನು ಅಲ್ಲಿ ತಂದು ಹಾಕಿದರೆ ಮೊದಲು ಜಾಗ ಖಾಲಿ ಮಾಡುವುದು ಯಾರು? ನಮ್ಮ ಹಾಡೇ ಅಲ್ವಾ?

ಹಳೆಯದೊಂದು ಪಾಠವೂ ಇದೆ. ಬಿ.ವಿ. ಕೇಸ್ಕರ್ ಅವರು 1952ರಿಂದ 1962ರವರೆಗೆ ಪ್ರಸಾರ ಖಾತೆಯ ಮಂತ್ರಿಯಾಗಿದ್ದರು. ಶಾಸ್ತ್ರೀಯ ಸಂಗೀತ ಬೆಳೆಯಬೇಕು ಅಂತ ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಜನ ಏನು ಮಾಡಿದರು? ಸಿನಿಮಾ ಹಾಡು ಹಾಕುತ್ತಿದ್ದ ಲಂಕೆಯ ರೇಡಿಯೋ ಸಿಲೋನ್ ಹಚ್ಚಿದರು. ಕೊನೆಗೆ 1957ರ ಅಕ್ಟೋಬರ್ 3ಕ್ಕೆ ಆಕಾಶವಾಣಿಯೇ ಸಿನಿಮಾ ಹಾಡಿಗೂ ಜಾಗ ಕೊಡುವ ವಿವಿಧ ಭಾರತಿ ತರಬೇಕಾಯಿತು. 1940ರಲ್ಲಿ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಅದನ್ನೇ ರೇಡಿಯೋದಿಂದ ಹೊರಗಿಟ್ಟದ್ದೂ ಉಂಟು. ಅದು ಸಡಿಲವಾಗಲು 1970ರ ದಶಕ ಬರಬೇಕಾಯಿತು. ನಮ್ಮ ಕಡೆ ಭಜನೆಗೂ ಹಾರ್ಮೋನಿಯಂ, ನಾಟಕಕ್ಕೂ ಹಾರ್ಮೋನಿಯಂ. ಯಾವುದು ಶ್ರೇಷ್ಠ ಅಂತ ಮೇಲೆ ಕೂತು ತೀರ್ಮಾನ ಮಾಡಿದರೆ ಕೆಳಗಿನವರ ದನಿ ಹೋಗುತ್ತದೆ. ಆ ಭಯ ನನಗೆ ಈಗಲೂ ಇದೆ.

ತಂಬೂರಿ (ಶಿರಸಿ)

ತಮ್ಮಾ, ಹಾರ್ಮೋನಿಯಂ ವಿಷಯದಲ್ಲಿ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಅನ್ಯಾಯವೇ. ಎಷ್ಟು ಜನ ವಾದಕರ ಹೊಟ್ಟೆಯ ಮೇಲೆ ಹೊಡೆದ ತೀರ್ಮಾನ ಅದು! ಸಿನಿಮಾ ಹಾಡು ತಡೆದದ್ದೂ ತಪ್ಪೇ.

ಆದರೆ ಅದೇ ಕಾಲದಲ್ಲಿ ಆದ ಒಳ್ಳೆಯದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಶನಿವಾರ ರಾತ್ರಿ ದೇಶದ ಎಲ್ಲ ಕೇಂದ್ರಗಳಲ್ಲೂ ಒಬ್ಬರೇ ಕಲಾವಿದರ ದೀರ್ಘ ಕಛೇರಿ. 1954ರಿಂದ ಆಕಾಶವಾಣಿ ಸಂಗೀತ ಸಮ್ಮೇಳನ. ಮುಂಬೈಗೋ ಕಲ್ಕತ್ತೆಗೋ ಹೋಗಿ ಟಿಕೆಟ್ ಕೊಂಡು ಕೂರುವ ಶಕ್ತಿ ಇಲ್ಲದ ಮನೆಗಳಿಗೆ ಅದೇ ಕಛೇರಿ ಬಂತು. ಒಂದನ್ನು ತಡೆದು ಇನ್ನೊಂದನ್ನು ಕೇಳಿಸಬಾರದು, ಒಪ್ಪಿದೆ. ಕೇಳುವವರಿಗೆ ಕೇಳಲು ಸಿಗುವಂತೆ ಮಾಡುವುದಕ್ಕೆ ಏನೂ ಅಡ್ಡಿ ಇಲ್ಲವಲ್ಲ?

ಯಕ್ಷಗಾನದ ಒಂದು ನಿಮಿಷವೂ ಕಡಿಮೆಯಾಗಬಾರದು. ಇದು ನನ್ನದೂ ಷರತ್ತು.

ಬೈತಖೋಲ ಬಂದರು (ಕಾರವಾರ)

ನಮ್ಮದು ಮೀನುಗಾರರ ಮನೆ. ಸಂಗೀತದ ಶಾಸ್ತ್ರ ನನಗೆ ಗೊತ್ತಿಲ್ಲ, ಕೇಳುವ ಹುಚ್ಚು ಇದೆ. ನಮ್ಮ ಬಾಪ್ಪಾ ಬೋಟಿಗೆ ಹೋಗುವಾಗ ರೇಡಿಯೋ ಹಿಡಿದುಕೊಂಡೇ ಹೋಗುತ್ತಿದ್ದರು. ಮೊದಲು ಹವಾಮಾನ, ಆಮೇಲೆ ಹಾಡು. ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ಕಾಯುವ ಹೊತ್ತು ಇದೆಯಲ್ಲ, ಆಗ ಪಣಜಿ, ಮಂಗಳೂರು, ಮುಂಬೈ ಎಲ್ಲ ಮೀಡಿಯಂ ವೇವ್‌ನಲ್ಲಿ ಸ್ಪಷ್ಟ. ದಡದ ಮೇಲೆ ಸಿಗದ ಕೇಂದ್ರ ಸಮುದ್ರದಲ್ಲಿ ಸಿಗುತ್ತಿತ್ತು. ಅದು ಯಾಕೆ ಅಂತ ಕಾಳಿ ಕಣಿವೆಯವರು ಹೇಳಬೇಕು.

ಈಗ ಬೋಟಿನಲ್ಲಿ ಜಿಪಿಎಸ್ ಇದೆ, ಬೋಟಿನಿಂದ ಬೋಟಿಗೆ ಮಾತಾಡುವ ವಿಎಚ್‌ಎಫ್ ಸೆಟ್ ಇದೆ. ಫೋನು ದಡದಿಂದ ಸ್ವಲ್ಪ ದೂರ ಹೋದರೆ ಸತ್ತಂತೆ. ಆ್ಯಪ್ ಅಲ್ಲಿ ನಡೆಯುವುದಿಲ್ಲ. 102.3 ಇನ್ನೂ ಸ್ವಲ್ಪ ದೂರದವರೆಗೆ ಬರುತ್ತದೆ. ನಾವು ಏಳುವುದು ಬೆಳಗಿನ ಜಾವ. ಆ ಹೊತ್ತಿಗೆ ಸೆಟ್ಟು ಹಚ್ಚಿದರೆ ಬರೀ ಸೊರ್ ಅನ್ನುವ ಸದ್ದು. ಆ ಹೊತ್ತಿಗೇ ರಾಗಂ ಹಾಕಲಿ. ಯಾರ ಕಾರ್ಯಕ್ರಮಕ್ಕೂ ತೊಂದರೆ ಇಲ್ಲ.

ಕಾಳಿ ಕಣಿವೆ (ಯಲ್ಲಾಪುರ)

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಮೀಡಿಯಂ ವೇವ್ ಅಲೆ ಒಣ ಕಲ್ಲುನೆಲದ ಮೇಲೆ ಬೇಗ ಸೊರಗುತ್ತದೆ, ಸಮುದ್ರದ ಮೇಲೆ ಬಲು ದೂರ ಹೋಗುತ್ತದೆ. ರಾತ್ರಿಯಾದರೆ ಆಕಾಶದ ಮೇಲಿನ ಪದರಕ್ಕೆ ತಾಗಿ ಮರಳಿ ಬರುವ ಅಲೆಯೂ ಸೇರುತ್ತದೆ. ಬೋಟಿನಲ್ಲಿ ಮುಂಬೈ ಸಿಕ್ಕಿದ್ದು ಅದಕ್ಕೇ.

ನೀವು ಹೇಳಿದ ಬೆಳಗಿನ ಜಾವದ ಮಾತು ಬಹಳ ಸರಿ. ಚಂಡೆ ಮದ್ದಳೆಯವರ ಆಕ್ಷೇಪಕ್ಕೂ ಅಲ್ಲೇ ಉತ್ತರ ಇದೆ. ಸ್ಥಳೀಯ ಕೇಂದ್ರಗಳ ಪ್ರಸಾರ ಸಾಮಾನ್ಯವಾಗಿ ರಾತ್ರಿ 11ರ ಆಸುಪಾಸು ಮುಗಿದು ಬೆಳಿಗ್ಗೆ 6ರ ಹತ್ತಿರ ಶುರುವಾಗುತ್ತದೆ. ಆ ನಡುವಿನ ಹೊತ್ತು ಟ್ರಾನ್ಸ್‌ಮಿಟರ್ ಸುಮ್ನೆ ಇರುತ್ತದೆ. ರಾಗಂ ಉಪಗ್ರಹದಲ್ಲಿ ಇದ್ದೇ ಇದೆ, ಅದನ್ನು ಹಿಡಿದು ದಾಟಿಸಿದರೆ ಆಯಿತು. ಖರ್ಚು ಅಂದರೆ ಮುಖ್ಯವಾಗಿ ಕರೆಂಟು, ಮೇಲೆ ನೋಡಿಕೊಳ್ಳುವ ಸಿಬ್ಬಂದಿಯ ಪಾಳಿ. ಪಾಳಿಯ ಪ್ರಶ್ನೆ ಸಣ್ಣದಲ್ಲ, ಅದನ್ನು ನಾವು ಗೌರವದಿಂದಲೇ ಮಾತಾಡಬೇಕು.

ಹೊನ್ನಾವರದಿಂದ ದೂರ (ನ್ಯೂಜೆರ್ಸಿ)

ಇಲ್ಲಿಂದ ಓದುತ್ತಿದ್ದೇನೆ. ನ್ಯೂಯಾರ್ಕಿನ ಒಂದು ಉದಾಹರಣೆ ನಿಮಗೆ ಉಪಯೋಗಕ್ಕೆ ಬರಬಹುದು. ಡಬ್ಲ್ಯೂಕ್ಯೂಎಕ್ಸ್‌ಆರ್ ಅಂತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೇಂದ್ರ ಇದೆ. 1936ರಿಂದ ಇದೆ. ಬಹಳ ಕಾಲ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕೈಯಲ್ಲಿತ್ತು, ಜಾಹೀರಾತಿನ ಮೇಲೆ ನಡೆಯುತ್ತಿತ್ತು. 2009ರಲ್ಲಿ ಅವರು ಅದನ್ನು ಮಾರಿದರು. ಡಬ್ಲ್ಯೂಎನ್‌ವೈಸಿ ಅನ್ನುವ ಸಾರ್ವಜನಿಕ ರೇಡಿಯೋದವರು ಕೊಂಡು ಉಳಿಸಿದರು. ಈಗ ಮುಖ್ಯವಾಗಿ ಕೇಳುಗರ ದೇಣಿಗೆಯಿಂದ ನಡೆಯುತ್ತದೆ. ವರ್ಷದಲ್ಲಿ ಕೆಲವು ಸಲ ಉದ್ಘೋಷಕರೇ ಗಾಳಿಯಲ್ಲಿ ‘ನಿಮ್ಮ ಕೈಲಾದಷ್ಟು ಕೊಡಿ’ ಅಂತ ಕೇಳುತ್ತಾರೆ, ಜನ ಕೊಡುತ್ತಾರೆ.

ಆದರೆ ಉಳಿಸುವಾಗ ಒಂದು ನಷ್ಟವೂ ಆಯಿತು. ಕೇಂದ್ರ 96.3ರಿಂದ 105.9ಕ್ಕೆ ಹೋಯಿತು. ಹೊಸ ಜಾಗದಲ್ಲಿ ಶಕ್ತಿ ಬಹಳ ಕಡಿಮೆ. ಮೊದಲು ಆರಾಮಾಗಿ ಕೇಳುತ್ತಿದ್ದ ದೂರದ ಊರುಗಳಿಗೆ ಸಿಗದಾಯಿತು. ಕಾಳಿ ಕಣಿವೆಯವರು ಗುಡ್ಡದ ಬಗ್ಗೆ ಬರೆದದ್ದು ಓದುವಾಗ ನನಗೆ ಇದೇ ನೆನಪಾಯಿತು. ವಾಹಿನಿ ಇದ್ದರೆ ಸಾಲದು, ಅದು ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದನ್ನೂ ಕೇಳುಗರೇ ಬೆನ್ನು ಹತ್ತಿ ಕೇಳಬೇಕು. ನಾನಂತೂ ಇಲ್ಲಿ ಹಿಮದಲ್ಲಿ ಕಾರು ಓಡಿಸುತ್ತಾ ಆ್ಯಪಿನಲ್ಲಿ ರಾಗಂ ಕೇಳುತ್ತೇನೆ. ನನಗೆ ಇಷ್ಟು ಸುಲಭದಲ್ಲಿ ಸಿಗುವುದು ಸಿದ್ದಾಪುರದ ಹಿರಿಯರಿಗೆ ಸಿಗುವುದಿಲ್ಲ ಅಂದರೆ ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ.

ಸದಾಶಿವಗಡ (ಕಾರವಾರ)

ಬಂದರಿನ ತಮ್ಮ ಮತ್ತು ಕಾಳಿ ಕಣಿವೆಯವರು ಬರೆದ ಮೇಲೆ ಟ್ರಾನ್ಸ್‌ಮಿಟರ್ ಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ದೇಣಿಗೆ ಮಾತು ಬಂತಲ್ಲ, ನಮ್ಮಲ್ಲೂ ರೇಡಿಯೋಗೆ ಜನ ದುಡ್ಡು ಕಟ್ಟಿದವರೇ. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸನ್ಸ್ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುವುದು 1980ರ ದಶಕದವರೆಗೂ ಇತ್ತು. ನಮ್ಮ ಮನೆಯ ಪುಸ್ತಕ ಇನ್ನೂ ಪೆಟ್ಟಿಗೆಯಲ್ಲಿದೆ.

ಶಿರಸಿಯವರು ಯಾರಾದರೂ ಸೇರಿ ಸಮುದಾಯ ರೇಡಿಯೋ ಮಾಡಬಹುದಾ? 2006ರಿಂದ ಲಾಭವಿಲ್ಲದ ಸಂಸ್ಥೆಗಳಿಗೂ ಪರವಾನಗಿ ಕೊಡುತ್ತಾರೆ.

ಕಾಳಿ ಕಣಿವೆ (ಯಲ್ಲಾಪುರ)

ಮಾಡಬಹುದು. ಆದರೆ ಅದು 100 ವ್ಯಾಟ್, ಗೋಪುರ 30 ಮೀಟರ್ ಮೀರಬಾರದು. ಅರ್ಧದಷ್ಟಾದರೂ ಕಾರ್ಯಕ್ರಮ ಆ ಊರಿನವರೇ ತಯಾರಿಸಬೇಕು. ದಿನವಿಡೀ ರಾಗಂ ದಾಟಿಸುವುದಕ್ಕೆ ಆ ದಾರಿ ಆಗುವುದಿಲ್ಲ. ಚಂಡೆ ಮದ್ದಳೆಯವರ ಆಸೆಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ, ಯಕ್ಷಗಾನ, ಸುಗ್ಗಿ ಪದ ಎಲ್ಲ ಅಲ್ಲಿ ಸಲೀಸು. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡೋಣ.

ಅಘನಾಶಿನಿ ದಂಡೆ (ಸಿದ್ದಾಪುರ)

ಎಲ್ಲರಿಗೂ ವಂದನೆ. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಪ್ಪಯ್ಯನಿಗೆ ಎಲ್ಲವನ್ನೂ ಓದಿ ಹೇಳಿದೆ. ಪತ್ರದ ಕರಡು ಹೀಗೆ ಮಾಡಿದ್ದೇನೆ, ತಿದ್ದಿ:

“ಮಾನ್ಯರೇ, ಉತ್ತರ ಕನ್ನಡ ಜಿಲ್ಲೆಯ ಕೇಳುಗರಾದ ನಮ್ಮ ವಿನಂತಿ. ಕಾರವಾರ ಕೇಂದ್ರದ 102.3ರಲ್ಲಿ ರಾತ್ರಿ ಪ್ರಸಾರ ಮುಗಿದ ಮೇಲಿನಿಂದ ಬೆಳಗಿನ ಪ್ರಸಾರ ಶುರುವಾಗುವವರೆಗೆ ರಾಗಂ ವಾಹಿನಿಯನ್ನು ಪ್ರಸಾರ ಮಾಡಬೇಕು. ಇಡೀ ರಾತ್ರಿ ಸಾಧ್ಯವಿಲ್ಲದಿದ್ದರೆ ಬೆಳಿಗ್ಗೆ 4ರಿಂದ ಶುರು ಮಾಡಿದರೂ ಸಂತೋಷ. ಈಗ ಬರುತ್ತಿರುವ ಯಕ್ಷಗಾನ, ಜನಪದ, ಕೊಂಕಣಿ ಮತ್ತು ಕೃಷಿ ಕಾರ್ಯಕ್ರಮಗಳ ಸಮಯ ಕಡಿಮೆಯಾಗಬಾರದು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಕಾರವಾರದ ಎಫ್‌ಎಂ ಎಲ್ಲ ಕಡೆ ತಲುಪದ ಕಾರಣ, ಎತ್ತರದ ಜಾಗದಿಂದ 100 ವ್ಯಾಟ್ ಟ್ರಾನ್ಸ್‌ಮಿಟರ್ ಮೂಲಕ ರಾಗಂ ಕೊಡುವುದನ್ನು ಪರಿಶೀಲಿಸಬೇಕು.”

ತಂಬೂರಿ (ಶಿರಸಿ)

ಚೆನ್ನಾಗಿದೆ. ಒಂದು ಸಾಲು ಸೇರಿಸು. ನಮ್ಮ ಜಿಲ್ಲೆಯ ಗ್ರೇಡ್ ಪಡೆದ ಕಲಾವಿದರ ಧ್ವನಿಮುದ್ರಣ ರಾಗಂನಲ್ಲೂ ಬರುವಂತೆ ಮಾಡಿ ಅಂತ. ಧಾರವಾಡ, ಕಾರವಾರದ ಹಳೆಯ ಟೇಪುಗಳಲ್ಲಿ ನಮ್ಮವರ ಹಾಡು ಏನೇನಿದೆಯೋ ಅದನ್ನು ಡಿಜಿಟಲ್ ಮಾಡಿ ಪ್ರಸಾರಕ್ಕೆ ತನ್ನಿ ಅಂತಲೂ ಬರೆ. ಸಹಿ ಸಂಗ್ರಹಕ್ಕೆ ನನ್ನ ಕಡೆಯ ಪಾಲಕರು ಬರುತ್ತಾರೆ.

ಚಂಡೆ ಮದ್ದಳೆ (ಕುಮಟಾ)

ಸಮಯ ಕಡಿಮೆಯಾಗಬಾರದು ಅನ್ನುವ ಸಾಲು ಹಾಗೇ ಉಳಿಯಲಿ. ಅದಿದ್ದರೆ ನನ್ನ ಸಹಿಯೂ ಇದೆ, ನಮ್ಮ ತಾಳಮದ್ದಳೆ ಕೂಟದವರ ಸಹಿಯೂ ಇದೆ.

ಕಾಳಿ ಕಣಿವೆ (ಯಲ್ಲಾಪುರ)

ಪತ್ರದ ಜೊತೆ ಒಂದು ಪಟ್ಟಿ ಹೋಗಲಿ. ಯಾವ ಊರಲ್ಲಿ 102.3 ಸ್ಪಷ್ಟ, ಎಲ್ಲಿ ಕರಕರ, ಎಲ್ಲಿ ಸಿಗುವುದೇ ಇಲ್ಲ ಅಂತ ಎಲ್ಲರೂ ಬರೆದು ಕಳಿಸಿ. ಮನೆಯ ಹೊರಗೆ ನಿಂತು, ಆ್ಯಂಟೆನಾ ಪೂರ್ತಿ ಎಳೆದು ನೋಡಿ. ಫೋನಿನ ಎಫ್‌ಎಂ ಆದರೆ ತಂತಿಯ ಇಯರ್‌ಫೋನ್ ಚುಚ್ಚಲೇಬೇಕು, ಅದೇ ಅದರ ಆ್ಯಂಟೆನಾ. ಊರಿನ ಹೆಸರು, ಹೊತ್ತು, ಸೆಟ್ಟು ಯಾವುದು ಅಂತಲೂ ಇರಲಿ. ಎಂಜಿನಿಯರುಗಳು ಇಂಥ ಮಾಹಿತಿ ಕೊಟ್ಟರೆ ಬೇಗ ಸ್ಪಂದಿಸುತ್ತಾರೆ.

ಬೈತಖೋಲ ಬಂದರು (ಕಾರವಾರ)

ಬಂದರಿನಲ್ಲಿ ಪೂರ್ತಿ ಸ್ಪಷ್ಟ, ಸಂಜೆ, ಬ್ಯಾಟರಿ ಸೆಟ್ಟು. ಸಮುದ್ರದಲ್ಲಿ ಎಲ್ಲಿಯವರೆಗೆ ಸಿಗುತ್ತದೆ ಅಂತ ಜಿಪಿಎಸ್ ನೋಡಿ ಬರೆದು ತರುತ್ತೇನೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಬೋಟು ಬಂದ್, ಅದರೊಳಗೆ ಕಳಿಸುತ್ತೇನೆ.